ಬೆಂಗಳೂರಾ, ಪುಣೆಯಾ ಅಂತ ಕೇಳುವವರಿಗೆ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಕೊನೇ ಸೆಮಿಸ್ಟರ್ ಮುಗಿಸಿದ ಹುಡುಗರು, ಹುಡುಗಿಯರು, ಅವರ ಅಪ್ಪಂದಿರು, ಒಮ್ಮೊಮ್ಮೆ ನನಗೆ ಪಾಠ ಹೇಳಿದ ಸರ್ ಕೂಡ. ಪ್ರಶ್ನೆ ಒಂದೇ. ಮೊದಲ ಕೆಲಸಕ್ಕೆ ಬೆಂಗಳೂರಾ, ಪುಣೆಯಾ?

ನನ್ನನ್ನೇ ಕೇಳಲು ಕಾರಣ ಇದೆ. ನನ್ನ ಊರು ಮಹಾರಾಷ್ಟ್ರ ಗಡಿಯ ನಿಪ್ಪಾಣಿ. ಓದಿದ್ದು ಮೆಕ್ಯಾನಿಕಲ್. 2012ರಲ್ಲಿ ಮೊದಲ ಕೆಲಸಕ್ಕೆ ಪುಣೆಗೆ ಹೋದೆ, ಆರು ವರ್ಷ ಅಲ್ಲಿದ್ದೆ. ಈಗ ಬೆಂಗಳೂರಿನ ಪೀಣ್ಯದಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಎರಡೂ ಊರು ಕಂಡವಳು ಅಂತ ಕೇಳುತ್ತಾರೆ. ಕೇಳಲಿ. ಆದರೆ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಪೂರ್ತಿ ಓದಿ, ಆಮೇಲೆ ಫೋನ್ ಮಾಡಿ.

ಮೊದಲು ಮದುವೆ ಮನೆಯ ಪ್ರಶ್ನೆ ಮುಗಿಸಿಬಿಡುತ್ತೇನೆ. ನಮ್ಮ ಕಾಕಾ ಹನ್ನೆರಡು ವರ್ಷದಿಂದ ಊಟದ ಪಂಕ್ತಿಯಲ್ಲಿ ಎಲ್ಲರ ಎದುರು ಇದನ್ನು ಕೇಳುತ್ತಿದ್ದಾರೆ. "ನಮ್ಮ ರಾಜಧಾನಿ ಬಿಟ್ಟು ಪುಣೇಕ ಯಾಕ ಹೋದಿ?" ನಾನೇನೋ ಮನೆ ಬಿಟ್ಟು ಓಡಿಹೋದೆ ಅನ್ನುವ ಹಾಗೆ.

ಕಾಕಾ, ನಿಪ್ಪಾಣಿಯಿಂದ ಪುಣೆಗೆ ಸುಮಾರು 270 ಕಿಲೋಮೀಟರ್. ಬೆಂಗಳೂರಿಗೆ 580ರ ಹತ್ತಿರ. ಒಂದೇ ಹೆದ್ದಾರಿ, ದಿಕ್ಕು ಬೇರೆ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣ. ಬೆಂಗಳೂರಿಗಾದರೆ ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲೇ. ಅವ್ವನಿಗೆ ಹುಷಾರಿಲ್ಲ ಅಂದರೆ ಅದೇ ದಿನ ಮನೆ ಮುಟ್ಟಬಹುದಾದ ಊರು ನನಗೆ ಪುಣೆಯೇ ಆಗಿತ್ತು. ಮರಾಠಿಯೂ ಬರುತ್ತಿತ್ತು, ನಿಪ್ಪಾಣಿ ಸಂತೆಯಲ್ಲಿ ಆ ಭಾಷೆ ಕಲಿಯದೆ ಬೆಳೆಯಲು ಆಗುವುದಿಲ್ಲ.

ಇದು ಹೊಸ ದಾರಿಯೂ ಅಲ್ಲ. 1956ರವರೆಗೆ ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಬೇಂದ್ರೆಯವರು ಧಾರವಾಡದಿಂದ ಹೋಗಿ ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಗದಗದ ಭೀಮಸೇನ ಜೋಶಿಯವರು ಮನೆ ಮಾಡಿದ್ದು ಪುಣೆಯಲ್ಲಿ. ಅವರ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಸಂಗೀತ ಉತ್ಸವ 1953ರಲ್ಲಿ ಶುರುವಾಗಿದ್ದೂ ಅದೇ ಊರಲ್ಲಿ. ನಮ್ಮ ಕಡೆಯವರಿಗೆ ಪುಣೆ ಪರದೇಶ ಆಗಿರಲೇ ಇಲ್ಲ.

ಹಾಗಂತ ಎಲ್ಲರೂ ಪುಣೆಗೆ ಹೋಗಿ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಬೀದರಿನ ಹುಡುಗಿಗೆ ಹೈದರಾಬಾದ್ ಸುಮಾರು 150 ಕಿಲೋಮೀಟರ್, ಬೆಂಗಳೂರು 700ರ ಹತ್ತಿರ. ಅವಳಿಗೆ ನನ್ನ ಲೆಕ್ಕ ಯಾಕೆ? ಆನೇಕಲ್ ಹುಡುಗನಿಗೆ ಹೊಸೂರು ಪಕ್ಕದಲ್ಲೇ ಇದೆ, ತಮಿಳುನಾಡು ಅನ್ನುವ ಒಂದೇ ಕಾರಣಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೈಟನ್, ಅಶೋಕ್ ಲೇಲ್ಯಾಂಡ್, ಟಿವಿಎಸ್ ಎಲ್ಲ ಅಲ್ಲೇ ಇವೆ. ಅಪ್ಪ, ಮಾವ, ಪಕ್ಕದ ಮನೆಯವರು ಯಾವ ಊರಿನ ಹೆಸರು ಹೇಳುತ್ತಾರೋ ಅದೊಂದೇ ಕಿವಿಗೆ ಬೀಳುತ್ತದೆ. ನಕ್ಷೆ ತೆಗೆದು ನೋಡುವವರು ಬಹಳ ಕಡಿಮೆ.

ಇನ್ನು ಹುಡುಗರ ಪ್ರಶ್ನೆಗೆ ಬರೋಣ. ಕಳೆದ ವಾರ ರಾತ್ರಿ ಹತ್ತೂವರೆಗೆ ನಮ್ಮೂರಿನ ಒಬ್ಬ ಹುಡುಗ ಫೋನ್ ಮಾಡಿದ. "ಅಕ್ಕಾ, ಬೆಂಗಳೂರಲ್ಲಿ ಮೂರೂವರೆ ಚಿಲ್ಲರೆ, ಅಂದ್ರೆ 3.6 ಲಕ್ಷ. ಪುಣೆಯಲ್ಲಿ 3.2. ಯಾವುದು ಬೆಸ್ಟು?"

ನನಗೆ ಸಿಟ್ಟು ಬರುವುದು ಇಲ್ಲಿಯೇ. ಎರಡು ಅಂಕಿ ಹೇಳಿ ಯಾವುದು ಬೆಸ್ಟು ಅಂದರೆ ದೊಡ್ಡ ಅಂಕಿ ಬೆಸ್ಟು ಅಂತ ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ನಾನು ಯಾಕೆ ಬೇಕು? ಆ ಎರಡು ಅಂಕಿಗಳ ನಡುವೆ ಇರುವುದು ವರ್ಷಕ್ಕೆ 40,000. ತಿಂಗಳಿಗೆ 3,300 ಚಿಲ್ಲರೆ. ಅದರಲ್ಲೂ ಕಂಪನಿ ಕಟ್ಟುವ ಪಿಎಫ್, ಇನ್ಶೂರೆನ್ಸ್ ಎಲ್ಲ ಸೇರಿಸಿ ಪ್ಯಾಕೇಜ್ ಅಂತ ಬರೆದಿರುತ್ತಾರೆ. ಕೈಗೆ ಎಷ್ಟು ಬರುತ್ತದೆ ಅಂತ ಕೇಳಿದೆ. ಗೊತ್ತಿಲ್ಲ. ಕಂಪನಿ ಯಾವ ಏರಿಯಾದಲ್ಲಿದೆ ಅಂತ ಕೇಳಿದೆ. "ಬೆಂಗಳೂರಲ್ಲಿ ಅಕ್ಕಾ" ಅಂದ.

ಬೆಂಗಳೂರು ಒಂದು ಊರಲ್ಲ ತಮ್ಮಾ. ಪೀಣ್ಯದಲ್ಲಿ ಕೆಲಸ, ವೈಟ್‌ಫೀಲ್ಡಿನಲ್ಲಿ ಗೆಳೆಯನ ರೂಮು ಅಂದರೆ ದಿನಾ ಅರವತ್ತು ಕಿಲೋಮೀಟರ್ ಓಡಾಟ. ಪುಣೆಯೂ ಅಷ್ಟೇ. ಹಿಂಜವಡಿ ಒಂದು ಕಡೆ, ಚಾಕಣ್ ಇನ್ನೊಂದು ಕಡೆ. ಪಿಂಪ್ರಿಯಿಂದ ಸ್ವಾರಗೇಟಿಗೆ ಈಗ ಮೆಟ್ರೋ ಇದೆ, ಚಾಕಣ್‌ಗೆ ಇಲ್ಲ. ನೀನು ಬದುಕುವುದು ಕಂಪನಿ ಗೇಟಿಗೂ ರೂಮಿಗೂ ನಡುವಿನ ಆ ನಾಲ್ಕೈದು ಕಿಲೋಮೀಟರಿನಲ್ಲಿ. ಊರಿನ ಹೆಸರು ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಮಾತ್ರ.

ಇದನ್ನೆಲ್ಲ ಸ್ವಲ್ಪ ಜೋರಾಗಿಯೇ ಹೇಳಿದೆ. ಅವನು ಸುಮ್ಮನಾದ. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. 2012ರ ನವೆಂಬರ್ ನೆನಪಾಯಿತು.

ಪುಣೆಗೆ ಹೋಗುವಾಗ ಅಪ್ಪ 20,000 ಕೊಟ್ಟಿದ್ದರು. ಅಪ್ಪ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಲೆಕ್ಕ ಬರೆಯುತ್ತಿದ್ದರು. ಆ ಹಣ ಎಲ್ಲಿಂದ ತಂದರು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಭೋಸರಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಟ್ರೈನಿ. ಕೈಗೆ 11,500. ಇನ್ನೊಬ್ಬ ಹುಡುಗಿಯ ಜೊತೆ ಒಂದು ರೂಮು, ನನ್ನ ಪಾಲು 2,500. ಎರಡು ಹೊತ್ತಿನ ಊಟದ ಡಬ್ಬಾ.

ಐದನೇ ತಿಂಗಳು ಒಂದು ಶನಿವಾರ ಸಂಜೆ ಆರು ಜನ ಟ್ರೈನಿಗಳನ್ನು ಒಳಗೆ ಕರೆದರು. ನಮ್ಮ ಲೈನಿನ ಆರ್ಡರ್ ಬೇರೆ ಕಡೆ ಹೋಯಿತು, ಸೋಮವಾರದಿಂದ ಬರಬೇಡಿ ಅಂದರು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅರ್ಧ ದಿನ ಮಾತಾಡಿದ್ದರು. ತೆಗೆಯುವಾಗ ಹತ್ತು ನಿಮಿಷ ಕೂಡ ಕೊಡಲಿಲ್ಲ. ಆ ಹತ್ತು ನಿಮಿಷದ ಸಿಟ್ಟು ನನಗೆ ಇವತ್ತಿಗೂ ಇದೆ.

ಮನೆಗೆ ಹೇಳಲಿಲ್ಲ. ಕೈಯಲ್ಲಿ 6,400 ಇತ್ತು. ಸೋಮವಾರ ಎಂದಿನ ಹೊತ್ತಿಗೇ ಎದ್ದು, ಎಂದಿನ ಬಸ್ಸನ್ನೇ ಹತ್ತಿ ಭೋಸರಿಯಲ್ಲೇ ಇಳಿದೆ. ಫೈಲಿನಲ್ಲಿ ಬಯೋಡೇಟಾದ ಮೂವತ್ತು ಜೆರಾಕ್ಸ್. ಗೇಟಿನಿಂದ ಗೇಟಿಗೆ ನಡೆದೆ.

ಭೋಸರಿ ನೋಡದವರಿಗೆ ಹೇಳಬೇಕು. ಪಿಂಪ್ರಿಯಲ್ಲಿ ಟಾಟಾ ಮೋಟರ್ಸ್, ಆಕುರ್ಡಿಯಲ್ಲಿ ಬಜಾಜ್, ಚಾಕಣ್‌ನಲ್ಲಿ ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್. ದೊಡ್ಡ ಕಂಪನಿಗಳು ಗಾಡಿಯನ್ನು ಜೋಡಿಸುತ್ತವೆ, ಅದರೊಳಗಿನ ಸಾವಿರಾರು ಚಿಕ್ಕಪುಟ್ಟ ಭಾಗಗಳು ಬರುವುದು ಇಂಥ ವರ್ಕ್‌ಶಾಪುಗಳಿಂದ. ಒಂದು ಶೆಡ್ಡಿನಲ್ಲಿ ನಾಲ್ಕು ಲೇತ್, ಪಕ್ಕದಲ್ಲಿ ಗ್ರೈಂಡಿಂಗ್, ಎದುರಿಗೆ ಹೀಟ್ ಟ್ರೀಟ್‌ಮೆಂಟ್. ಒಂದು ಬಸ್ ಟಿಕೆಟ್ ದುಡ್ಡಲ್ಲಿ ದಿನಕ್ಕೆ ಏಳೆಂಟು ಗೇಟು ಮುಟ್ಟಬಹುದು. ಸೆಕ್ಯುರಿಟಿಯವರು ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡು "ಸಾಹೇಬರು ಇಲ್ಲ" ಅನ್ನುತ್ತಿದ್ದರು. ಒಬ್ಬರು ನೀರು ಕೊಟ್ಟು, ಮೂರನೇ ಗಲ್ಲಿಯಲ್ಲಿ ಬಿಡಿಭಾಗ ಅಳೆದು ನೋಡುವ ಇನ್ಸ್‌ಪೆಕ್ಟರ್ ಬೇಕಂತೆ ನೋಡು ಅಂದರು.

ಮೂರನೇ ಗಲ್ಲಿಯ ಮಾಲೀಕರು ಬಯೋಡೇಟಾ ನೋಡಲೇ ಇಲ್ಲ. ಒಂದು ಶಾಫ್ಟು, ಒಂದು ಡ್ರಾಯಿಂಗು, ಒಂದು ಮೈಕ್ರೋಮೀಟರ್ ಮುಂದಿಟ್ಟು ಅಳೆದು ಹೇಳು ಅಂದರು. ನಾನು ಮೈಕ್ರೋಮೀಟರಿನ ಮುಖ ಬಟ್ಟೆಯಿಂದ ಒರೆಸಿ, ಮೊದಲು ಝೀರೋ ಸರಿ ಇದೆಯಾ ನೋಡಿದೆ. ಆಮೇಲೆ ಶಾಫ್ಟನ್ನು ತಿರುಗಿಸಿ ತಿರುಗಿಸಿ ಮೂರು ಕಡೆ ಅಳೆದೆ. ಅವರು ಅಳತೆ ಕೇಳಲೂ ಇಲ್ಲ. "ನಾಳೆ ಎಂಟಕ್ಕೆ ಬಾ" ಅಂದರು. ಸಂಬಳ 9,000. ಕೆಲಸ ಹೋಗಿ ಅವತ್ತಿಗೆ ಹತ್ತೊಂಬತ್ತು ದಿನ ಆಗಿತ್ತು. ನಾನು ಇವತ್ತಿಗೂ ಮಾಡುವ ಕೆಲಸ ನನ್ನ ಕೈಹಿಡಿದದ್ದು ಆ ಶೆಡ್ಡಿನಲ್ಲಿ.

ಆ ಹತ್ತೊಂಬತ್ತು ದಿನದಲ್ಲಿ ಬಾಡಿಗೆ ದಿನವೂ ಬಂತು. ಮನೆ ಮಾಲೀಕರ ಹೆಂಡತಿಯನ್ನು ನಾವು ಕಾಕೂ ಅನ್ನುತ್ತಿದ್ದೆವು. ಒಂದು ವಾರ ತಡವಾಗುತ್ತದೆ ಅಂತ ಹೇಳಲು ಕೆಳಗೆ ಹೋದೆ. ಮುಖ ನೋಡಿಯೇ ಅವರಿಗೆ ತಿಳಿದಿತ್ತು. "ಭಾಡಂ ನಂತರ ದೇ, ಆಧೀ ಜೇವ್" ಅಂದರು. ಬಾಡಿಗೆ ಆಮೇಲೆ ಕೊಡು, ಮೊದಲು ಊಟ ಮಾಡು. ಝುಣಕಾ, ಅದರ ಜೊತೆ ಭಾಕರಿ. ನಮ್ಮ ಮನೆಯ ಕಡಲೆಹಿಟ್ಟಿನ ಜುಣಕ, ಜೋಳದ ರೊಟ್ಟಿಯೇ.

ನನ್ನನ್ನು ಯಾರಾದರೂ ಒಮ್ಮೆ ಹೀಗೆ ಕೇಳಲಿ ಅಂತ ಕಾಯುತ್ತಿದ್ದೇನೆ. "ಅಕ್ಕಾ, ಈ ಕೆಲಸ ಆರು ತಿಂಗಳಲ್ಲಿ ಹೋದರೆ ನಾನು ಯಾವ ಊರಲ್ಲಿ ಜಾಸ್ತಿ ದಿನ ನಿಲ್ಲಬಲ್ಲೆ?" ಯಾರೂ ಕೇಳುವುದಿಲ್ಲ. ಆಫರ್ ಲೆಟರ್ ಕೈಯಲ್ಲಿ ಹಿಡಿದವರಿಗೆ ಕೆಲಸ ಹೋಗುವ ಮಾತು ಅಪಶಕುನ. ಆದರೆ ಮೊದಲ ಕೆಲಸ ಉಳಿಯದೇ ಇರುವುದು ತುಂಬಾ ಸಾಮಾನ್ಯ. ನನ್ನ ಕ್ಲಾಸಿನ ಒಬ್ಬ ಹುಡುಗ ನನಗಿಂತ ದುಪ್ಪಟ್ಟು ಸಂಬಳಕ್ಕೆ ದೂರದ ಒಂದು ಕಾರ್ಖಾನೆಗೆ ಹೋದ. ಸುತ್ತ ಐವತ್ತು ಕಿಲೋಮೀಟರಿಗೆ ಅದೊಂದೇ ಕಾರ್ಖಾನೆ. ಅದು ಜನ ಕಡಿಮೆ ಮಾಡಿದಾಗ ಅವನಿಗೆ ಮುಂದಿನ ಗೇಟೇ ಇರಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದ. ಮತ್ತೆ ಹೊರಡಲು ಎರಡು ವರ್ಷ ಬೇಕಾಯಿತು. ಅವನು ನನಗಿಂತ ಬುದ್ಧಿವಂತ, ಅದು ನಮ್ಮ ಕ್ಲಾಸಿಗೆಲ್ಲ ಗೊತ್ತು.

ಹಾಗಾಗಿ ನಿಮ್ಮ ಕೆಲಸ ಯಾವುದೋ ಅದರ ಗೇಟುಗಳು ಎಲ್ಲಿ ಜಾಸ್ತಿ ಇವೆ ಅಂತ ಮೊದಲು ನೋಡಿ. ಕಾರಿನ ಬಿಡಿಭಾಗ ಅಂದರೆ ಪಿಂಪ್ರಿ, ಚಾಕಣ್. ವಿಮಾನದ ಕೆಲಸ, ಮಷೀನ್ ಟೂಲ್ ಅಂದರೆ ಬೆಂಗಳೂರು. 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ ಅಲ್ಲಿ ಶುರುವಾದವು, ಅವುಗಳ ಸುತ್ತ ಬೆಳೆದ ಕೈಗಳು ಇನ್ನೂ ಅಲ್ಲಿವೆ. ಫೌಂಡ್ರಿ, ಎರಕದ ಕೆಲಸ ಅಂದರೆ ಕೊಲ್ಹಾಪುರ, ಇಲ್ಲವೇ ನಮ್ಮ ಬೆಳಗಾವಿಯ ಉದ್ಯಮಬಾಗ. ಸಾಫ್ಟ್‌ವೇರಿನವರು ನನ್ನನ್ನು ಕೇಳಬೇಡಿ, ನನಗೆ ಆ ಗೇಟುಗಳು ಗೊತ್ತಿಲ್ಲ.

ಆಮೇಲೆ ದುಡ್ಡು. ಪ್ಯಾಕೇಜ್ ಅಲ್ಲ, ಮೊದಲ ಸಂಬಳ ಬರುವ ತನಕ ಬೇಕಾಗುವ ದುಡ್ಡು. ತಿಂಗಳ ಕೊನೆಗೆ ಸೇರಿದರೆ ಆ ದಿನಗಳ ಸಂಬಳ ಎಷ್ಟೋ ಕಡೆ ಮುಂದಿನ ತಿಂಗಳ ಸಂಬಳದ ಜೊತೆ ಬರುತ್ತದೆ. ಐವತ್ತು ದಿನಕ್ಕೆ ಸಾಕಾಗುವಷ್ಟು ಕೈಯಲ್ಲಿರಲಿ. ಬೆಂಗಳೂರಿನಲ್ಲಿ ಮನೆಗೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ಆದರೆ ರಾಜ್ಯ ಅದನ್ನು ತನ್ನದಾಗಿ ಜಾರಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಪುಣೆಯಲ್ಲಿ ನಾನು ಕಂಡಂತೆ ಎರಡು ಮೂರು ತಿಂಗಳ ಡಿಪಾಸಿಟ್, ಅದರ ಮೇಲೆ ಏಜೆಂಟನಿಗೆ ಒಂದು ತಿಂಗಳು. ಲೀವ್ ಅಂಡ್ ಲೈಸೆನ್ಸ್ ಅಂತ ಹನ್ನೊಂದು ತಿಂಗಳ ಕರಾರು, ಅದನ್ನು ಅಲ್ಲಿ ನೋಂದಣಿ ಮಾಡಿಸಲೇಬೇಕು. ಮೊದಲ ಮೂರು ತಿಂಗಳು ಪಿಜಿಯಲ್ಲಿರಿ. ಯಾವ ಊರಾದರೂ ಸರಿ, ನೋಡದೆ ಮನೆಗೆ ಅಡ್ವಾನ್ಸ್ ಕೊಡಬೇಡಿ.

ಹೆಣ್ಣುಮಕ್ಕಳ ಅಪ್ಪಂದಿರು "ಆ ಊರು ಸೇಫಾ?" ಅಂತ ಕೇಳುತ್ತಾರೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ನಮ್ಮ ಅಪ್ಪನೂ ಕೇಳಿದ್ದರು. ಆದರೆ ಇಡೀ ಊರಿಗೆ ಸೇರಿಸಿ ಒಂದು ಉತ್ತರ ಇಲ್ಲ. ಶಿಫ್ಟ್ ಎಷ್ಟಕ್ಕೆ ಬಿಡುತ್ತದೆ, ಗೇಟಿನಿಂದ ಮುಖ್ಯ ರಸ್ತೆಗೆ ಎಷ್ಟು ನಡೆಯಬೇಕು, ದಾರಿಯಲ್ಲಿ ದೀಪ ಇದೆಯಾ, ಕೊನೇ ಬಸ್ಸು ಎಷ್ಟಕ್ಕೆ. ಮಗಳ ಜೊತೆ ಹೋಗಿ, ಶಿಫ್ಟ್ ಬಿಡುವ ಹೊತ್ತಿಗೆ ಆ ದಾರಿಯಲ್ಲಿ ನೀವೇ ಒಮ್ಮೆ ನಡೆದು ನೋಡಿ. ನಮ್ಮ ಅಪ್ಪ ನಡೆದಿದ್ದರು.

ಕೊನೆಗೆ ಇನ್ನೊಂದು ಮಾತು ಕೇಳಿಬರುತ್ತದೆ. "ಈಗ ನೀವೇ ಬೆಂಗಳೂರಿಗೆ ಬಂದಿದ್ದೀರಿ. ಅಂದ್ರೆ ಪುಣೆಗೆ ಹೋಗಿದ್ದು ತಪ್ಪಾಯ್ತು ಅಲ್ವಾ?" ಇಲ್ಲ. ತಪ್ಪಾಗಿಲ್ಲ. ಬೆಂಗಳೂರಿಗೆ ಬಂದದ್ದು ಗಂಡನ ಕೆಲಸ ಇಲ್ಲಿದೆ ಅಂತ. ಪೀಣ್ಯದ ಇಂಟರ್‌ವ್ಯೂನಲ್ಲಿ ನನಗೆ ಕೇಳಿದ ಹತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ಉತ್ತರ ಕಲಿತಿದ್ದು ಭೋಸರಿಯ ಮೂರನೇ ಗಲ್ಲಿಯಲ್ಲಿ. ಈ ಊರೂ ನನಗೆ ಇಷ್ಟ. ಅದಕ್ಕಾಗಿ ಆ ಊರನ್ನು ಬಿಟ್ಟುಕೊಡಲಾರೆ.

ಮೊನ್ನೆ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. ಅವತ್ತು ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂದೆ. ಈಗ ಎರಡೂ ಕಂಪನಿಯ ಏರಿಯಾ ತಿಳಿದುಕೊಂಡಿದ್ದ. ಪುಣೆಯದ್ದು ಚಾಕಣ್‌ನಲ್ಲಿ, ಬೆಂಗಳೂರಿನದ್ದು ಬೊಮ್ಮಸಂದ್ರದಲ್ಲಿ. ಕೈಗೆ ಬರುವ ಸಂಬಳದ ಲೆಕ್ಕವನ್ನೂ ಹಾಕಿದ್ದ. ಬೊಮ್ಮಸಂದ್ರದಲ್ಲಿ ಅವನ ಅತ್ತೆಯ ಮಗ ಇದ್ದಾನಂತೆ, ಒಂದು ತಿಂಗಳು ಅವನ ರೂಮಿನಲ್ಲೇ ಇರಬಹುದಂತೆ. ಮೊದಲ ದಿನ ಇದನ್ನು ಹೇಳಲೇ ಇಲ್ಲ. ಎಲ್ಲಿಗೆ ಹೋಗಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಚಾಕಣ್ ನೋಡಲು ಹೊರಡುತ್ತಾನೆ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತು, ಅಕ್ಕಪಕ್ಕ ಇನ್ನೆಷ್ಟು ಗೇಟು ಕಾಣುತ್ತವೆ ಎಣಿಸಿ ನನಗೆ ಫೋನ್ ಮಾಡು ಅಂದಿದ್ದೇನೆ. ಕಾಕೂ ಮನೆಯ ವಿಳಾಸವನ್ನೂ ಕೊಟ್ಟಿದ್ದೇನೆ, ರಾತ್ರಿ ಊಟ ಅಲ್ಲೇ.