ಬಾರ್ಲಿ ದೋಸೆ ಕೊನೆಗೂ ಕಾವಲಿ ಬಿಟ್ಟು ಎದ್ದಿತು

ಈ ಭಾನುವಾರ ಬಾರ್ಲಿ ದೋಸೆ ಹರಿಯದೆ ಮಗುಚಿತು. ಅಂಚು ಗರಿಗರಿ, ನಡುವೆ ಮೆತ್ತಗೆ. ಅಮ್ಮ "ಇನ್ನೊಂದು ಹಾಕು" ಎಂದರು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿಸುವ ಅಡುಗೆಯ ಹಿಂದೆ ಬಿದ್ದವರಿಗೆ ಆ ಮಾತಿನ ಬೆಲೆ ಗೊತ್ತು.

ಕರಿದದ್ದು ಬೇಡ, ಸಂಜೆ ನಡೆಯಬೇಕು ಎನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ನೇರ ಹಿಟ್ಟಿಗೆ ಬರುತ್ತೇನೆ.

ಕಾಟ ಕೊಟ್ಟದ್ದು ಲೋಳೆ. ಬಾರ್ಲಿಯನ್ನು ಉದ್ದಿನಬೇಳೆ ಜೊತೆ ನೆನೆಸಿ ರುಬ್ಬಿದರೆ ಹಿಟ್ಟು ಸೌಟಿನಿಂದ ನೂಲು ನೂಲಾಗಿ ಇಳಿಯುತ್ತದೆ. ಕಾವಲಿ ಮೇಲೆ ತಿರುವಲು ಹೋದರೆ ಸೌಟಿಗೇ ಅಂಟಿ ಮೇಲೆ ಬರುತ್ತದೆ. ನೀರು ಜಾಸ್ತಿ ಹಾಕಿದರೆ ಹರಡುತ್ತದೆ, ಆದರೆ ಏಳುವುದಿಲ್ಲ. ಅರ್ಧ ಈರುಳ್ಳಿಯಿಂದ ಎಷ್ಟು ಎಣ್ಣೆ ಉಜ್ಜಿದರೂ ಅಷ್ಟೇ.

ಹಾಗಂತ ಲೋಳೆಯನ್ನು ಕಳೆಯುವ ಹಾಗೂ ಇಲ್ಲ. ನಮಗೆ ಬೇಕಾದ ಬೀಟಾ ಗ್ಲುಕನ್, ಅಂದರೆ ನೀರಿನಲ್ಲಿ ಕರಗುವ ನಾರು, ಅದೇ ಅಲ್ವಾ? ಕರುಳಿನಲ್ಲಿ ಅದು ಗಟ್ಟಿಯಾಗಿ ಪಿತ್ತದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಎಲ್‌ಡಿಎಲ್ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಅಷ್ಟು ಸಿಗಲು 60ರಿಂದ 75 ಗ್ರಾಂ ಬಾರ್ಲಿ ಬೇಕು.

ರಾಗಿಯ ಹಾಗೆ ಮೊಳಕೆ ಬರಿಸಿ ನೋಡಿ ಎಂದು ಕೆಲವರು ಹೇಳಿದ್ದರು. ಲೋಳೆ ಹೋಗುತ್ತದೆ, ನಿಜ. ಆದರೆ ಮೊಳಕೆಯೊಡೆಯುವಾಗ ಕಾಳಿನ ಎಂಜೈಮೇ ಬೀಟಾ ಗ್ಲುಕನ್ನನ್ನು ತುಂಡರಿಸುತ್ತದೆ. ಬಿಯರ್ ಮಾಡುವವರಿಗೆ ಅದು ಅನುಕೂಲ, ನಮಗೆ ನಷ್ಟ.

ದಾರಿ ಸಿಕ್ಕಿದ್ದು ಹುರಿಯುವುದರಲ್ಲಿ. ಬಾರ್ಲಿಯನ್ನು ಘಮ್ಮೆನ್ನುವ ತನಕ ಹುರಿದರೆ ಆ ಎಂಜೈಮು ಸಾಯುತ್ತದೆ, ಬೀಟಾ ಗ್ಲುಕನ್ ಉಳಿಯುತ್ತದೆ. ಅದನ್ನು ನುಣ್ಣಗೆ ಬೀಸಿಸಿ ಒಣಗಿದ್ದಂತೆಯೇ ಇಟ್ಟುಕೊಂಡೆ. ರಾತ್ರಿ ಉದ್ದು, ಅಕ್ಕಿ, ಚಿಟಿಕೆ ಮೆಂತ್ಯ ಮಾತ್ರ ರುಬ್ಬಿ ಹುದುಗಲು ಬಿಟ್ಟೆ. ಬಾರ್ಲಿ ಹಿಟ್ಟು ಸೇರಿದ್ದು ಬೆಳಿಗ್ಗೆ, ಕಾವಲಿ ಕಾದ ಮೇಲೆ. ನೀರು ಕುಡಿದು ಲೋಳೆ ಬಿಡುವಷ್ಟರಲ್ಲಿ ದೋಸೆ ಹುಯ್ದು ಆಗಿರುತ್ತದೆ. ಒಂದು ಸುತ್ತಿಗೆ ಬೇಕಾದಷ್ಟೇ ಕಲಸಿ. ಕಲಸಿಟ್ಟರೆ ಮತ್ತೆ ಅದೇ ಗೋಂದು.

ಇನ್ನು ಅಂಗಡಿಯವರ ಪುರಾಣ. ಬಾರ್ಲಿ ಹಿಟ್ಟು ಅಂತ ಕೊಟ್ಟ ಪೊಟ್ಟಣದ ಹಿಂಭಾಗ ಓದಿದರೆ ಮೊದಲ ಹೆಸರು ಗೋಧಿ! ಕಾಳು ತಂದು ಗಿರಣಿಗೆ ಹೋದರೆ ನಮ್ಮ ಮುಂದಿನವರದು ಮೆಣಸಿನಪುಡಿ. ಈಗ ಬೆಳಿಗ್ಗೆ ಗಿರಣಿ ತೆರೆಯುವ ಹೊತ್ತಿಗೇ ಹೋಗಿ ನಿಲ್ಲುತ್ತೇನೆ. ಪಾಲಿಶ್ ಮಾಡಿದ ಕಾಳಷ್ಟೇ ಸಿಕ್ಕರೆ ಬೇಜಾರು ಬೇಡ. ಓಟ್ಸಿನಲ್ಲಿ ಬೀಟಾ ಗ್ಲುಕನ್ ಹೆಚ್ಚಾಗಿ ಹೊರಪದರದಲ್ಲಿರುತ್ತದೆ, ಬಾರ್ಲಿಯಲ್ಲಿ ಕಾಳಿನ ಒಳಗೆಲ್ಲ ಹರಡಿರುತ್ತದೆ.

ಕೊಲೆಸ್ಟ್ರಾಲಿಗೆ ಗುಗ್ಗುಳ (ಆಯುರ್ವೇದದಲ್ಲಿ ಬಳಸುವ ಮರದ ಅಂಟು) ಆಗುತ್ತದೆಯೇ ಎಂದು ಕೇಳಿದವರಿಗೆ: 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರ ಎಲ್‌ಡಿಎಲ್ ಇಳಿಯುವ ಬದಲು ಸ್ವಲ್ಪ ಏರಿತ್ತು. ನಾನಂತೂ ಮುಟ್ಟುವುದಿಲ್ಲ.

ದೋಸೆಗೆ ಕಾಯಿ ಚಟ್ನಿ ಬಿಟ್ಟು ಏನು ಎನ್ನುವುದು ಮುಂದಿನ ಕೆಲಸ. ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ಮಾಡಬೇಕೆಂದಿದ್ದೇನೆ, ಬೆಳ್ಳುಳ್ಳಿ ಮುಂದಿಟ್ಟು, ಉಪ್ಪು ಕಮ್ಮಿ ಮಾಡಿ. ಅಗಸೆಯನ್ನು ಇಡಿಯಾಗಿ ತಿಂದರೆ ಹಾಗೇ ಹೊರಗೆ ಹೋಗುವುದೇ ಜಾಸ್ತಿ. ಕುಟ್ಟಿಟ್ಟರೆ ಬೇಗ ಕನರುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕುಟ್ಟಬೇಕು.

ಅಮ್ಮನ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿಲ್ಲ. ಅದು ಡಾಕ್ಟರ್ ತೀರ್ಮಾನ. ಮುಂದಿನ ಲಿಪಿಡ್ ಪ್ರೊಫೈಲ್ (ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆ) ಬಂದ ಕೂಡಲೇ ಅಂಕಿ ಹಾಕುತ್ತೇನೆ.