ಟಿ-ರೆಗ್ ಮೀಥೈಲೇಷನ್: ಐವತ್ತಕ್ಕೇ ಅಂಟಿಕೊಂಡ ಮೂರನೇ ಸ್ಯಾಂಪಲ್

ಕೊನೆಗೂ ಗಂಟು ಬಿಚ್ಚಿತು! ಟಿ-ರೆಗ್ ಅಂದರೆ ರೋಗನಿರೋಧಕ ದಾಳಿಗೆ ಕಡಿವಾಣ ಹಾಕುವ ಟಿ ಕೋಶ. ಸಾರ್ಟ್ ಮಾಡಿ ಬೇರ್ಪಡಿಸಿದ ಟಿ-ರೆಗ್ ಕೋಶಗಳಲ್ಲಿ, ಅವುಗಳ ಗುರುತಾದ ಫಾಕ್ಸ್‌ಪಿ3 ಜೀನನ್ನು ಚಾಲೂ ಇಡುವ ಟಿಎಸ್‌ಡಿಆರ್ ಎಂಬ ಡಿಎನ್‌ಎ ಭಾಗ, ಜೀನನ್ನು ಮುಚ್ಚಿಡುವ ಮೀಥೈಲ್ ಗುಂಪುಗಳನ್ನು ಬಹುಪಾಲು ಕಳಚಿಕೊಂಡಿರಬೇಕು. ಎರಡು ಸ್ಯಾಂಪಲ್‌ಗಳಲ್ಲಿ ಹಾಗೇ ಬಂತು. ಮೂರನೆಯದು ಮಾತ್ರ ಮೂರು ಸಲ ಓಡಿಸಿದರೂ ಶೇ. 51 ಮೀಥೈಲೇಷನ್‌ನಿಂದ ಕದಲಲಿಲ್ಲ.

ಮೊದಲ ಅನುಮಾನ ಬೈಸಲ್ಫೈಟ್ ಮೇಲೆ. ಇದು ಡಿಎನ್‌ಎಯಲ್ಲಿ ಮೀಥೈಲ್ ಇಲ್ಲದ 'ಸಿ' ಅಕ್ಷರವನ್ನು ಯುರಾಸಿಲ್ ಆಗಿ ಪರಿವರ್ತಿಸುತ್ತದೆ, ಓದುವಾಗ ಅದು 'ಟಿ' ಆಗಿ ಕಾಣುತ್ತದೆ; ಮೀಥೈಲ್ ಹೊತ್ತ 'ಸಿ' ಹಾಗೇ ಉಳಿಯುತ್ತದೆ. ಸರಬರಾಜಾದ ಬಾಟಲಿಯ ಮುಚ್ಚಳವೇ ಸಡಿಲವಾಗಿತ್ತು. ಗಾಳಿ ತಾಗಿದರೆ ಕೆಡುವ ಪುಡಿಯನ್ನು ಹೀಗೆ ಕಳಿಸುವುದು ಅಕ್ಷಮ್ಯ. ಆದರೂ ಸಿಪಿಜಿ ('ಸಿ' ಪಕ್ಕ 'ಜಿ' ಇರುವ, ಮೀಥೈಲ್ ಕೂರುವ ಜಾಗ) ಅಲ್ಲದ ಕಡೆಯ 'ಸಿ'ಗಳನ್ನು ಎಣಿಸಿದಾಗ ಶೇ. 99ಕ್ಕಿಂತ ಹೆಚ್ಚು 'ಟಿ' ಆಗಿದ್ದವು. ಪರಿವರ್ತನೆ ಸರಿಯಿದೆ.

ಎರಡನೆಯದು, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನ ಪಕ್ಷಪಾತ. ಮೀಥೈಲ್ ಇಲ್ಲದ ಎಳೆ ಪರಿವರ್ತನೆಯ ನಂತರ ಎ-ಟಿ ತುಂಬಿಕೊಂಡು ಸುಲಭವಾಗಿ ವೃದ್ಧಿಯಾಗುತ್ತದೆ. ಅಂದರೆ ಈ ದೋಷ ಸಾಮಾನ್ಯವಾಗಿ ಅಂಕಿಯನ್ನು ಇಳಿಸುತ್ತದೆ, ಏರಿಸುವುದಿಲ್ಲ. ಆದರೂ ಮೀಥೈಲೇಷನ್ ಶೇ. 0, 25, 50, 75, 100 ಎಂದು ಮೊದಲೇ ಗೊತ್ತಿರುವ ಮಿಶ್ರಣ ಓಡಿಸಿ ನೋಡಿದ್ದಾಯಿತು. ಅನೀಲಿಂಗ್ (ಪ್ರೈಮರ್ ಡಿಎನ್‌ಎಗೆ ಅಂಟುವ ಹಂತ) 60 ಡಿಗ್ರಿಯಲ್ಲಿ ಗೆರೆ ನೆಟ್ಟಗೆ ಬಂತು. (ಪ್ರೂಫ್‌ರೀಡಿಂಗ್ ಪಾಲಿಮರೇಸ್ (ತಪ್ಪು ತಿದ್ದುತ್ತ ನಕಲು ಮಾಡುವ ಕಿಣ್ವ) ಹಾಕಿದವರಿಗೆ ಒಂದು ಮಾತು: ಅವುಗಳಲ್ಲಿ ಬಹಳಷ್ಟು ಯುರಾಸಿಲ್ ಎದುರಾದರೆ ಅಲ್ಲೇ ನಿಲ್ಲುತ್ತವೆ. ಹಾಟ್‌ಸ್ಟಾರ್ಟ್ ಟ್ಯಾಕ್ ಸಾಕು.)

ಸಾರ್ಟಿನ ಶುದ್ಧತೆಯೂ ಚೆನ್ನಾಗಿತ್ತು. ಉತ್ತರ ಇದ್ದದ್ದು ಟ್ಯೂಬಿನ ಲೇಬಲ್‌ನಲ್ಲಿ: ಮೊದಲ ಇಬ್ಬರು ದಾನಿಗಳು ಗಂಡಸರು, ಮೂರನೆಯವರು ಹೆಂಗಸು. ಫಾಕ್ಸ್‌ಪಿ3 ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿನ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಮಲಗಿರುತ್ತದೆ, ಅದರ ಟಿಎಸ್‌ಡಿಆರ್ ಮೀಥೈಲ್ ಹೊತ್ತೇ ಇರುತ್ತದೆ. ಟಿ-ರೆಗ್ ಎಷ್ಟೇ ಶುದ್ಧವಿರಲಿ, ಅರ್ಧ ಅಲ್ಲೇ ಉಳಿಯುತ್ತದೆ. ಲೆಕ್ಕ ಹೀಗೆ: ನೂರರಿಂದ ಓದನ್ನು ಕಳೆದು ಎರಡರಿಂದ ಗುಣಿಸಿ. 51 ಬಂದರೆ ಟಿ-ರೆಗ್ ಶೇ. 98. ಅರ್ಧ ಟಿ-ರೆಗ್, ಅರ್ಧ ಮಾಮೂಲಿ ಟಿ ಕೋಶ ಇದ್ದರೆ ಓದು 75ರ ಹತ್ತಿರ.

ಟಿ-ರೆಗ್ ಸಂಶೋಧನೆಗೆ 2025ರ ನೊಬೆಲ್ ಬಂದ ಮೇಲೆ ಫಾಕ್ಸ್‌ಪಿ3 ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಮನುಷ್ಯರ ಮಾಮೂಲಿ ಟಿ ಕೋಶವೂ ಪ್ರಚೋದನೆಗೊಂಡಾಗ ಈ ಪ್ರೋಟೀನನ್ನು ಸ್ವಲ್ಪ ಕಾಲ ತೋರಿಸುತ್ತದೆ. ಬಣ್ಣ ಹಾಕಿ ನೋಡಿದರೆ ಸಾಲದು, ಟಿಎಸ್‌ಡಿಆರ್ ಓದಲೇಬೇಕು.

ಮುಂದೆ: ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿನಲ್ಲಿ ಬೆಳೆಸಿದ ಟಿ-ರೆಗ್‌ಗೆ ವಿಟಮಿನ್ ಸಿ ಕೊಟ್ಟು, ಮೀಥೈಲ್ ಕಳಚಲು ನೆರವಾಗುವ ಟೆಟ್ ಕಿಣ್ವಗಳನ್ನು ಚುರುಕುಗೊಳಿಸುವುದು. ಮೀಡಿಯಾದಲ್ಲಿ ಬೇಗ ಕೆಡದ ಫಾಸ್ಫೇಟ್ ರೂಪವೇ ಬೇಕು. ಟೆಟ್ ನಡುವೆ ಬಿಟ್ಟುಹೋಗುವ ಹೈಡ್ರಾಕ್ಸಿಮೀಥೈಲ್ ಅನ್ನು ಬೈಸಲ್ಫೈಟ್ ಮೀಥೈಲ್ ಎಂದೇ ಓದುವುದರಿಂದ ಮೊದಲು ಪೊಟ್ಯಾಸಿಯಂ ಪರ್‌ರುಥೆನೇಟ್‌ನಿಂದ ಆಕ್ಸಿಡೈಸ್ ಮಾಡಬೇಕು, ಆಗ ಅದು ಮೀಥೈಲ್ ಎಂದು ಓದಿಸಿಕೊಳ್ಳುವುದಿಲ್ಲ. ಡಿಎನ್‌ಎಯಲ್ಲಿ ಎಥನಾಲಿನ ಚೂರು ಉಳಿದರೂ ಅದೇ ಆಕ್ಸಿಡೆಂಟನ್ನು ತಿಂದುಹಾಕುತ್ತದೆ. ಆದ್ದರಿಂದ ಡಿಎನ್‌ಎ ಶುದ್ಧಗೊಳಿಸುವ ಕಾಲಮ್‌ಗಳ ಆರ್ಡರ್ ಈಗಾಗಲೇ ಹೋಗಿದೆ.