ನಾಣ್ಯದ ಲೆಕ್ಕ ಮ್ಯಾಗ್ನೆಟ್‌ಗೆ ಹಾಕಬೇಡಿ

14 ಜೂನ್ 2025, ಶನಿವಾರ

ಮಗು ನಾಣ್ಯ ನುಂಗಿತು ಅಂದರೆ ನಮ್ಮ ಮನೆಗಳಲ್ಲಿ ಮೊದಲು ಕೈಗೆ ಬರುವುದು ಬಾಳೆಹಣ್ಣು. ‘ಎರಡು ದಿನ ನೋಡೋಣ, ತಾನಾಗೇ ಹೊರಗೆ ಬರುತ್ತೆ’ ಅನ್ನುತ್ತಾರೆ. ನಾಣ್ಯ ಹೊಟ್ಟೆಗೆ ಇಳಿದಿದ್ದರೆ ಬಹುಪಾಲು ಹಾಗೇ ಆಗುತ್ತದೆ. ಮ್ಯಾಗ್ನೆಟ್ ಗುಂಡು ನುಂಗಿದಾಗಲೂ ಹೀಗೇ ಕಾಯುತ್ತಾ ಕೂತರೆ ಕರುಳು ತೂತು ಬೀಳಬಹುದು.

3 ಅಥವಾ 5 ಮಿ.ಮೀ. ದಪ್ಪದ, ಬೆಳ್ಳಿ ಮಣಿಯಂತೆ ಹೊಳೆಯುವ, ನಿಯೋಡೈಮಿಯಂ ಎಂಬ ಲೋಹ ಬೆರೆಸಿ ಮಾಡಿದ ಬಲವಾದ ಮ್ಯಾಗ್ನೆಟ್ ಗುಂಡುಗಳಿವು. ಡಬ್ಬಿಗೆ 216 ಇರುವುದು ರೂಢಿ. ಹೆಬ್ಬೆರಳು, ತೋರುಬೆರಳಿನ ನಡುವಿನ ಚರ್ಮದ ಆಚೆಗೊಂದು ಈಚೆಗೊಂದು ಇಟ್ಟು ನೋಡಿ. ಚರ್ಮವನ್ನು ಕಚ್ಚಿ ನಿಲ್ಲುತ್ತವೆ, ಒತ್ತಿದ ಜಾಗ ಬಿಳಿಚಿಕೊಳ್ಳುತ್ತದೆ. ಅಲ್ಲಿ ರಕ್ತ ಹರಿಯುತ್ತಿಲ್ಲ. ಕರುಳಿನ ಒಂದು ಸುರುಳಿಯಲ್ಲಿ ಒಂದು ಗುಂಡು, ಪಕ್ಕದ ಸುರುಳಿಯಲ್ಲಿ ಇನ್ನೊಂದು ಇದ್ದಾಗ ನಡುವಿನ ಗೋಡೆಗೆ ಆಗುವುದೂ ಇದೇ. ಗೋಡೆ ಸತ್ತು ತೂತಾಗುತ್ತದೆ, ಅಥವಾ ಕರುಳೇ ತಿರುಚಿಕೊಳ್ಳುತ್ತದೆ. ಎರಡು ಮ್ಯಾಗ್ನೆಟ್ಟೇ ಆಗಬೇಕೆಂದಿಲ್ಲ. ಒಂದು ಮ್ಯಾಗ್ನೆಟ್, ಜೊತೆಗೊಂದು ಕಬ್ಬಿಣದ ಸ್ಕ್ರೂ ಸಾಕು. ಈಗಿನ ನಮ್ಮ 1, 2 ರೂಪಾಯಿ ನಾಣ್ಯಗಳೂ ಮ್ಯಾಗ್ನೆಟ್‌ಗೆ ಅಂಟುತ್ತವೆ.

ಮೊದಲ ಕೆಲವು ಗಂಟೆ ಮಗು ಆಡಿಕೊಂಡೇ ಇರುತ್ತದೆ. ಮೋಸ ಹೋಗುವುದು ಇಲ್ಲೇ. ವಾಂತಿ, ಹೊಟ್ಟೆನೋವು, ಜ್ವರ ಶುರುವಾದಾಗಲೂ ‘ತಿಂದದ್ದು ಅರಗಿಲ್ಲ’ ಅಂತ ಸಿರಪ್ ಕುಡಿಸಿ ಇನ್ನೊಂದು ದಿನ ಕಳೆಯುತ್ತಾರೆ. ದೊಡ್ಡ ಮಕ್ಕಳು ನಾಲಿಗೆಯ ಮೇಲೊಂದು ಕೆಳಗೊಂದು ಇಟ್ಟು ಆಭರಣ ಚುಚ್ಚಿಸಿಕೊಂಡ ಹಾಗೆ ಆಡುವಾಗ ನುಂಗಿಬಿಡುತ್ತಾರೆ, ಬೈಗುಳಕ್ಕೆ ಹೆದರಿ ಬಾಯಿ ಬಿಡುವುದಿಲ್ಲ. ಬೈಯದೆ ಕೇಳಿ: ಎಷ್ಟು, ಯಾವಾಗ, ಒಟ್ಟಿಗೋ ಬಿಡಿಬಿಡಿಯಾಗೋ? ಬಿಡಿಬಿಡಿಯಾಗಿ ನುಂಗಿದ್ದರೆ ಅಪಾಯ ಹೆಚ್ಚು.

ತಕ್ಷಣ ಹೊರಡಿ. ಬಾಳೆಹಣ್ಣು, ಹಾಲು, ನೀರು ಏನೂ ಬೇಡ, ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು. ವಾಂತಿ ಮಾಡಿಸಬೇಡಿ, ಭೇದಿಯಾಗಿಸುವ ಔಷಧಿ ಕೊಡಬೇಡಿ. ಮಕ್ಕಳ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸುವ ವ್ಯವಸ್ಥೆ) ಇರುವ ಆಸ್ಪತ್ರೆಗೆ ಫೋನ್ ಮಾಡಿಕೊಂಡು ಹೋಗಿ. ವಾಹನ ಇಲ್ಲದಿದ್ದರೆ 108. ಒಂದು ಗುಂಡನ್ನು ಮಾದರಿಗೆ ಒಯ್ಯಿರಿ. ಮನೆಯಲ್ಲಿ ಉಳಿದವರು ಡಬ್ಬಿ ಎಣಿಸಿ, ಮಾದರಿಗೆ ಒಯ್ದದ್ದು ಬಿಟ್ಟು ಎಷ್ಟು ಕಮ್ಮಿ ಇವೆ ಅಂತ ಫೋನಿನಲ್ಲಿ ಹೇಳಲಿ. ನುಂಗಿದ್ದು ಬಟನ್ ಬ್ಯಾಟರಿ ಇರಬಹುದೆಂಬ ಅನುಮಾನವಿದ್ದರೆ ಅದನ್ನೂ ಹೇಳಿ: ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತದೆ.

ಎಕ್ಸ್‌ರೇ ಕುತ್ತಿಗೆಯಿಂದ ಕಿಬ್ಬೊಟ್ಟೆವರೆಗೆ, ಎದುರಿನಿಂದಲೂ ಪಕ್ಕದಿಂದಲೂ ಆಗಬೇಕು. ಅಂಟಿಕೊಂಡ ಎರಡು ಗುಂಡು ಒಂದು ಕೋನದಲ್ಲಿ ಒಂದೇ ಆಗಿ ಕಾಣಬಹುದು. ಅಕ್ಕಪಕ್ಕದ ಗುಂಡುಗಳ ನಡುವೆ ಸಣ್ಣ ಸಂದು ಕಂಡರೆ ಕರುಳಿನ ಗೋಡೆ ಸಿಕ್ಕಿಕೊಂಡಿರಬಹುದು ಅಂತಲೇ ತಿಳಿಯಬೇಕು. ದೊಡ್ಡ ಮ್ಯಾಗ್ನೆಟ್‌ನಿಂದಲೇ ನಡೆಯುವ ಎಂಆರ್‌ಐ ಸ್ಕ್ಯಾನ್ ಮಾತ್ರ ಖಂಡಿತ ಕೂಡದು.

ಎರಡೋ ಹೆಚ್ಚೋ ಗುಂಡುಗಳು ಅನ್ನನಾಳ ಅಥವಾ ಜಠರದಲ್ಲಿದ್ದರೆ, ಮಗು ನಗುತ್ತಿದ್ದರೂ, ಎಂಡೋಸ್ಕೋಪಿಯಿಂದ ತೆಗೆಯಬೇಕು. ಕೆಳಗಿಳಿದು ಮಗುವಿಗೆ ನೋವೋ ವಾಂತಿಯೋ ಇದ್ದರೆ ಕೆಲಸ ಶಸ್ತ್ರಚಿಕಿತ್ಸಕರದು. ಲಕ್ಷಣ ಏನೂ ಇಲ್ಲದಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು 4–6 ಗಂಟೆಗೊಮ್ಮೆ ಎಕ್ಸ್‌ರೇ. ಗುಂಡು ಮುಂದೆ ಸರಿಯದೆ ನಿಂತರೆ ಆಪರೇಷನ್. ಒಂದೇ ಗುಂಡು ಎಂದು ಖಚಿತವಾದರೆ ವೈದ್ಯರು ಮನೆಗೆ ಕಳಿಸುವುದುಂಟು. ಆಗ ಮಗುವಿಗೆ ಲೋಹದ ಬಕಲ್, ಗುಂಡಿ ಇರುವ ಬಟ್ಟೆ ಹಾಕಬೇಡಿ. ಹೇಳಿದ ಹೊತ್ತಿಗೆ ಮತ್ತೆ ಎಕ್ಸ್‌ರೇಗೆ ಬನ್ನಿ.

ಮನೆಯಲ್ಲಿ ಎಣಿಸಿದ ಆ ಸಂಖ್ಯೆ ಕೊನೆಗೂ ಬೇಕು. ಹೊರಬಂದ ಗುಂಡುಗಳ ಲೆಕ್ಕ ಅದಕ್ಕೆ ತಾಳೆಯಾಗದಿದ್ದರೆ ಇನ್ನೊಂದು ಎಕ್ಸ್‌ರೇ ತೆಗೆದು ಹುಡುಕಬೇಕು.